ನೂರು ಕೋಟಿ ಪ್ರಯಾಣಿಕರು, ಒಂದೇ ಟಿಕೆಟ್

ಚಿಂತಾಮಣಿಯಿಂದ ನಮ್ಮೂರು ಸಾದಲಿಗೆ ನೂರು ಕೋಟಿ ಸೈನಿಕರನ್ನು ಒಂದೇ ಬಸ್ಸಿನಲ್ಲಿ ಕರೆತಂದವನು ನಾನು. ನನ್ನನ್ನು ಬಿಟ್ಟು ಒಬ್ಬನಿಗೂ ಟಿಕೆಟ್ ತೆಗೆಸಲಿಲ್ಲ. ಹದ್ದಿನ ಕಣ್ಣಿನ ಕಂಡಕ್ಟರಿಗೂ ಒಬ್ಬನೂ ಸಿಕ್ಕಿಬೀಳಲಿಲ್ಲ. ನಂಬದಿದ್ದರೆ ಬಿಡಿ. ಆ ಸೈನ್ಯ ಬಂದ ದಿನ ಅಂಬರೀಶ ಪಟ್ಟ ಪಾಡನ್ನಾದರೂ ಕೇಳಿ.

ಅಂಬರೀಶ ನಮ್ಮ ಪಕ್ಕದ ಮನೆಯವನು, ಹಂದಿ ಸಾಕುತ್ತಾನೆ. ಹೋದ ಸಲದ ಮರಿಗಳೆಲ್ಲ ತಾಯಿ ಹಾಲು ಬಿಡಿಸಿದ ವಾರದಲ್ಲೇ ಭೇದಿ ಹತ್ತಿ ಸತ್ತಿದ್ದವು. ಈ ಸಲ ಒಂಬತ್ತು ಮರಿ. "ಇವೂ ಹೋದ್ರೆ ಕೊಟ್ಟಿಗೆಗೆ ಬೀಗ ಹಾಕಿ ಬೀಗದ ಕೈನ ಬಾವಿಗೆ ಎಸೀತೀನಿ," ಎಂದು ಹೆಂಡತಿ ತನುಜ ಹೇಳಿಬಿಟ್ಟಿದ್ದಳು. ಅವತ್ತು ಬೆಳಿಗ್ಗೆ ಮರಿಗಳನ್ನು ತಾಯಿಯಿಂದ ಬೇರೆ ಮಾಡಿದಾಗಿನಿಂದ ಅಂಬರೀಶ ಕೊಟ್ಟಿಗೆ ಬಿಟ್ಟು ಕದಲಿರಲಿಲ್ಲ.

ಚಿಂತಾಮಣಿಯ ದನದ ಡಾಕ್ಟರು ಅವನಿಗೆಂದೇ ನೂರು ಕೋಟಿ ಒಳ್ಳೆಯ ಜೀವಾಣುಗಳಿರುವ ನೀರು ತಯಾರಿಸಿದ್ದರು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಹಾಗೆ ಇವು ಮರಿಯ ಕರುಳಿನಲ್ಲಿ ಮೊದಲೇ ಹೋಗಿ ಕೂತುಬಿಟ್ಟರೆ ಭೇದಿ ತರುವ ರೋಗಾಣುಗಳಿಗೆ ನಿಲ್ಲಲೂ ಜಾಗವಿರುವುದಿಲ್ಲ. "ನಾನಿಲ್ವಾ?" ಎಂದು ಎದೆ ತಟ್ಟಿ ಹೋದ ನಾನು, ಮಧ್ಯಾಹ್ನ ಒದ್ದೆ ಟವೆಲ್ ಸುತ್ತಿದ ಬಾಟಲಿಯನ್ನು ಅಂಬರೀಶನ ಕೈಗಿಟ್ಟೆ.

"ಬಿಸಿ ತಾಗಬಾರ್ದು, ಬ್ಲೀಚಿಂಗ್ ಪೌಡರ್ ಸೋಕಬಾರ್ದು. ಸಾಯಂಕಾಲದ ಮೇವಿನ ಜೊತೆ ಕೊಡು."

ತೊಂದರೆ ಶುರುವಾದದ್ದೇ ಅಲ್ಲಿ. ಎದುರು ಮನೆಯ ಶ್ಯಾಮಲಮ್ಮ ರೇಷ್ಮೆ ಸಾಕುವವರು. ಅವರ ಹುಳು ಮನೆಗೆ ದೇವರು ಬಂದರೂ ಬ್ಲೀಚಿಂಗ್ ನೀರಿನಲ್ಲಿ ಪಾದ ಅದ್ದಿಯೇ ಒಳಗೆ ಬರಬೇಕು.

"ಏನಪ್ಪಾ ಅದು ಬಾಟ್ಲೀಲಿ?" ಎಂದು ಅಂಬರೀಶನನ್ನು ಕೇಳಿದರು.

"ಜೀವಾಣು ಅಕ್ಕಾ. ಜೀವ ಇರೋವು."

"ಅಯ್ಯೋ ದೇವುಡಾ! ನನ್ನ ಹುಳು ಈಗ ತಾನೇ ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದವೆ, ನೀನು ಎದುರಿಗೇ ರೋಗ ತಂದು ಮಡಿಕ್ಕೊಂಡಿದೀಯಾ?"

"ಇವು ಒಳ್ಳೇವು ಅಕ್ಕಾ!"

"ಕಳ್ಳನ ತಾಯೂ ಅಂಗೇ ಹೇಳ್ತಾಳೆ ಕಣೋ!"

ಎರಡೇ ನಿಮಿಷ. ಬೆನ್ನಿಗೆ ಬ್ಲೀಚಿಂಗ್ ತುಂಬಿದ ಸ್ಪ್ರೇಯರ್ ಕಟ್ಟಿಕೊಂಡು ಶ್ಯಾಮಲಮ್ಮ, ಹಿಂದೆ ಸುಣ್ಣದ ಪುಡಿಯ ಬುಟ್ಟಿ ಹೊತ್ತ ಅವರ ಗಂಡ ರಾಮಾಂಜಿನಪ್ಪ. ಅಂಬರೀಶ ಬಾಟಲಿಯನ್ನು ಹಸುಗೂಸಿನಂತೆ ಅಪ್ಪಿಕೊಂಡು ಓಡಿದ. ಹುಲ್ಲಿನ ಬಣವೆ ಹತ್ತಿದ, ಸುಣ್ಣ ಬಂತು. ನೀರಿನ ತೊಟ್ಟಿಯ ಹಿಂದೆ ಅವಿತ, ಬ್ಲೀಚಿಂಗ್ ಬಂತು. ಆವತ್ತು ಎದ್ದ ಸುಣ್ಣದ ಮೋಡಕ್ಕೆ ಗೌರಿಬಿದನೂರಿನ ಕೋಳಿಗಳು ಸಂಜೆಯಾಯಿತೆಂದು ಗೂಡು ಸೇರಿದುವಂತೆ.

ಅಷ್ಟರಲ್ಲಿ ಕೊಟ್ಟಿಗೆಯಿಂದ ತನುಜ ಕೂಗಿದಳು. "ಮೂಲೇಲಿರೋ ಮರಿ ಆಗ್ಲೇ ನೀರ್ನೀರು ಮಾಡ್ತಾ ಐತೆ! ಸಾಯಂಕಾಲ ಅಂತ ಕಾಯಬೇಡ, ಬೇಗ ಹುಯ್ಯಿ ಬಾ!"

ಅಡಿಯಿಂದ ಮುಡಿಯವರೆಗೆ ಸುಣ್ಣ ಮೆತ್ತಿ ಬೆಳ್ಳಗಾಗಿದ್ದ ಅಂಬರೀಶ ಒಳಗೆ ನುಗ್ಗಿ, ಮುಚ್ಚಳ ತೆಗೆದು ಬಾಟಲಿಯನ್ನು ಮರಿಗಳ ಮೇವಿನ ತೊಟ್ಟಿಗೆ ಬಗ್ಗಿಸಿದ. ಬಾಟಲಿಗೆ ಒಂದು ಹನಿ ಬ್ಲೀಚಿಂಗೂ ಸೋಕಿರಲಿಲ್ಲ. ಬೆಳ್ಳಗಿನ ನೀರು ಬಿತ್ತು. ಅದರ ಹಿಂದೆಯೇ ಒಂದು ಕರಿಬೇವಿನ ಎಲೆ ಬಿತ್ತು. ಆಮೇಲೆ ಹಸಿಮೆಣಸಿನಕಾಯಿಯ ಚೂರು. ಮೂಸಿ ನೋಡಿದ ಮರಿ ಸೀನಿತು.

ಶ್ಯಾಮಲಮ್ಮ ಸ್ಪ್ರೇಯರ್ ಇಳಿಸಿ, ಬೆರಳು ಅದ್ದಿ ಮೂಗಿಗೆ ಹಿಡಿದರು. "ಇಂಗು! ಇದು ಮಜ್ಜಿಗೆ ಕಣೋ, ಅಂಬರೀಶಪ್ಪಾ!"

ಎಲ್ಲರೂ ನನ್ನ ಕಡೆ ತಿರುಗಿದರು.

"ನರ್ಸಿಂಹಪ್ಪಣ್ಣಾ," ಅಂಬರೀಶನ ದನಿ ಅಳುವ ಹಾಗಿತ್ತು, "ಔಷ್ದಿ ಎಲ್ಲಿ? ಇನ್ನೊಂದು ಬಾಟ್ಲಿ ಆಗೋಕೆ ವಾರ ಬೇಕು ಅಂದವ್ರೆ ಡಾಕ್ಟ್ರು."

ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ.

"ಬಸ್‌ಸ್ಟ್ಯಾಂಡಲ್ಲಿ ಒಂದು ಬಾಟ್ಲಿ ಮಸಾಲೆ ಮಜ್ಜಿಗೆ ತಗೊಂಡಿದ್ದೆ ಕಣಪ್ಪಾ. ಎರಡೂ ಒಂದೇ ಚೀಲದಲ್ಲಿತ್ತು. ದಾರೀಲಿ ಬಾಯಾರ್ತು, ಕೈಗೆ ಸಿಕ್ಕಿದ್ದು ಕುಡ್ದೆ."

"ಕುಡಿಯೋವಾಗ ಗೊತ್ತಾಗ್ಲಿಲ್ವಾ?" ಎಂದಳು ತನುಜ.

"ಪೂರ್ತಿ ಕುಡಿದಾದ್ಮೇಲೆ ಅನುಮಾನ ಬಂತಮ್ಮಾ. ಉಪ್ಪೇ ಇರ್ಲಿಲ್ಲ. ಅದಕ್ಕೇ ಇನ್ನೊಂದಕ್ಕೆ ಟವೆಲ್ ಸುತ್ತಿ ತಂದುಕೊಟ್ಟಿದ್ದು."