ಹಕ್ಕು ಬಿಡುಗಡೆಯಾಗದ ಶುಗರ್

ಮೂವತ್ತು ವರ್ಷ ನಾಡಕಚೇರಿಯ ಗುಮಾಸ್ತನಾಗಿ ಊರವರ ವಂಶವೃಕ್ಷ ಬರೆದು ನಿವೃತ್ತನಾದವನು ನಾನು. ಹೀಗಾಗಿ, ವಂಶಪಾರಂಪರ್ಯ ಕಾಯಿಲೆಗಳ ಸರ್ವೆಗೆಂದು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದ ಡಾಕ್ಟರಮ್ಮ, "ರಕ್ತ ತಗೊಳ್ಳೋ ಮುಂಚೆ ನಿಮ್ಮ ವಂಶವೃಕ್ಷ ಬೇಕು ಸಾರ್" ಎಂದಾಗ ನನಗೆ ನಗು ಬಂತು.

"ಕೂತ್ಕೊಳಮ್ಮ, ಕಾಫಿ ಕುಡಿಯೋದ್ರೊಳಗೆ ರೆಡಿ!"

ನನ್ನ ಆತುರಕ್ಕೆ ಕಾರಣವಿತ್ತು. ಮಗಳಿಗೆ ಚಿಕ್ಕ ವಯಸ್ಸಿಗೇ ಶುಗರ್ ಬಂದಾಗಿನಿಂದ ನನಗೂ ಹೆಂಡತಿ ಪದ್ಮಳಿಗೂ ಒಂದೇ ವ್ಯಾಜ್ಯ: ಅದು ಯಾರ ಕಡೆಯಿಂದ ಬಂತು? ಪದ್ಮ ನನ್ನ ಸ್ವಂತ ಅಕ್ಕನ ಮಗಳು. ಈಗಲೂ ನನ್ನನ್ನು ಮಾವ ಎಂದೇ ಕರೆಯುತ್ತಾಳೆ. ಶಿಡ್ಲಘಟ್ಟದಲ್ಲಿರುವ ಅವಳ ತಾಯಿಗೆ ಶುಗರ್ ಇದೆ. ಆದ್ದರಿಂದ ತಪ್ಪು ಹೆಂಡತಿಯ ಕಡೆಯದು ಎಂಬುದು ನನ್ನ ಅಚಲ ತೀರ್ಪು. ಇವತ್ತು ಅದಕ್ಕೆ ವಿಜ್ಞಾನದ ಮೊಹರೂ ಬೀಳಲಿತ್ತು!

ಸ್ಕೇಲ್ ಇಟ್ಟು ಗೆರೆ ಎಳೆದೆ. ಅಪ್ಪ, ನಾನು, ತಮ್ಮ. ಮುಗಿಯಿತು.

ಡಾಕ್ಟರಮ್ಮ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಹೆಂಗಸರೆಲ್ಲಿ ಸಾರ್?"

"ಅಮ್ಮ ತೀರ್ಕೊಂಡ್ರು. ಅಕ್ಕ ಮದುವೆಯಾದ ವರ್ಷವೇ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿದ್ದಾಳೆ. ಅವಳ ಹೆಸ್ರು ಬರೋ ಹಂಗಿಲ್ಲ."

"ಜಮೀನಿನ ಹಕ್ಕು ಬಿಡಬಹುದು ಸಾರ್. ಶುಗರ್ ಬಿಡೋಕಾಗಲ್ಲ!"

ಕಾಫಿ ಸೋಸುತ್ತಿದ್ದ ಪದ್ಮ ಲೋಟದ ಸಮೇತ ಆಚೆ ಬಂದಳು. ಡಾಕ್ಟರಮ್ಮ ತಾವೇ ಪೆನ್ಸಿಲ್ ಹಿಡಿದರು. ಅಪ್ಪನ ಪಕ್ಕ ಅಮ್ಮ, ಕೆಳಗೆ ಅಕ್ಕ, ಅಕ್ಕನ ಕೆಳಗೆ ಪದ್ಮ, ಪದ್ಮಳ ಜೋಡಿಗೆ ನಾನು. ನಮ್ಮಿಬ್ಬರಿಂದ ಮೇಲಕ್ಕೆ ಹೋದ ಗೆರೆಗಳೆರಡೂ ನನ್ನ ಅಮ್ಮನ ಬಳಿ ಹೋಗಿ ನಿಂತವು.

"ಇವ್ರಿಗೆ ಶುಗರ್ ಇತ್ತಾ?"

"ಛೆ ಛೆ! ಯಾರದೋ ದೃಷ್ಟಿ ತಾಗಿ ಕಾಲಿನ ಗಾಯ ಮಾಯ್ಲಿಲ್ಲ, ಅಷ್ಟೆ. ಚೊಂಬುಗಟ್ಲೆ ನೀರು ಕುಡೀತಿದ್ರು..." ಹೇಳುತ್ತಾ ಹೇಳುತ್ತಾ ನನ್ನ ದನಿ ಇಳಿಯಿತು. ಪೆರೇಸಂದ್ರದವರೆಗೂ ಹೋಗಿ ತಾಯಿತ ತಂದಿದ್ದೆ. ಒಂದು ರಕ್ತ ಪರೀಕ್ಷೆ ಮಾಡಿಸಬೇಕೆಂದು ಹೊಳೆದಿರಲಿಲ್ಲ. ಪಾಪ ಅಮ್ಮ!

"ಖಚಿತವಾಗಿ ಹೇಳಕ್ಕಾಗಲ್ಲ. ಆದ್ರೆ ಇದ್ದಿರಬಹುದು," ಎಂದರು ಡಾಕ್ಟರಮ್ಮ ಮೆಲ್ಲಗೆ. "ಹಾಗಿದ್ರೆ ಎರಡೂ ದಾರಿ ನಿಮ್ಮನೆಗೇ ಹೋಗುತ್ತೆ ಸಾರ್."

"ಇಷ್ಟು ವರ್ಷ ನಮ್ಮಮ್ಮನ್ನ ಬೈದ್ರಲ್ಲ ಮಾವ," ಎಂದಳು ಪದ್ಮ, "ಅವಳು ನಿಮ್ಮಕ್ಕ ಅನ್ನೋದೇ ಮರ್ತೋಗಿತ್ತಾ?"

ನಾನು ಕೆಮ್ಮಿದೆ. ಅವಳು ಕಾಗದವನ್ನೂ ಪೆನ್ನನ್ನೂ ನನ್ನ ಮುಂದೆ ತಳ್ಳಿದಳು.

"ದೃಢೀಕರಿಸಿದೆ ಅಂತ ಬರೆದು ಸೈನ್ ಹಾಕಿ."

ಹಾಕಿದೆ. ಇಡೀ ಸರ್ವೀಸಿನಲ್ಲಿ ಒಂದೇ ಒಂದು ಕಡತವನ್ನೂ ಬಂದ ದಿನವೇ ವಿಲೇವಾರಿ ಮಾಡಿದವನಲ್ಲ ನಾನು!