ಗಣಪತಿ ಮುಂದೆ ನಿಂತ ಗೇರ್ ಸೈಕಲ್ಲು

ಕಳೆದುಹೋದ ಸೈಕಲ್ಲು ಸಿಕ್ಕಿತಲ್ಲ, ಪಂಚಾಕ್ಷರಿಯ ಕಷ್ಟ ಶುರುವಾದದ್ದೇ ಅಲ್ಲಿಂದ.

ಅದು ಕಳುವಾಗಿರಲೇ ಇಲ್ಲ ಅನ್ನಿ. ವಿಜಯನಗರದ ಮಾರ್ಕೆಟ್ಟಿಗೆ ಸೈಕಲ್ಲಿನಲ್ಲಿ ಹೋದ ಮಹಾರಾಯ, ದೊಡ್ಡದೊಂದು ಬೂದುಗುಂಬಳ ಕೊಂಡು, ಅದನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ಬಂದ. ಬೆಳಿಗ್ಗೆ ನೋಡಿದರೆ ಬಾಗಿಲಲ್ಲಿ ಸೈಕಲ್ಲಿಲ್ಲ! ಕಾಲೇಜಿನ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿದ ದಿನದಿಂದ ತುಳಿದ ಗಾಡಿ ಅದು. ಬೀದಿಯವರೆಲ್ಲ ಬಂದು ಅಯ್ಯೋ ಪಾಪ ಅಂದು, ಕಾಫಿ ಕುಡಿದು ಹೋದರು. ಹೆಂಡತಿ ಜಗದಾಂಬಾಳ ತಮ್ಮ ರಾಚಪ್ಪ, ಭಾವನ ಸೊರಗಿದ ಮುಖ ನೋಡಲಾರದೆ, ಸುಂಕದಕಟ್ಟೆಯಿಂದ ಗಿಳಿಹಸಿರು ಬಣ್ಣದ ಹೊಸ ಗೇರ್ ಸೈಕಲ್ಲನ್ನೇ ತಂದು ನಿಲ್ಲಿಸಿದ.

ಪಂಚಾಕ್ಷರಿ ಅದನ್ನು ಬೀದಿಯ ತುದಿಯವರೆಗೆ ಒಂದೇ ಒಂದು ಸಲ ತುಳಿದ, ವಾಪಸು ತಳ್ಳಿಕೊಂಡು ಬಂದ. ಸೊಂಟ ಬಗ್ಗಿಸಿ ಕೂರಬೇಕು, ಸೀಟು ನೋಡಿದರೆ ಹಾಗಲಕಾಯಿಯಷ್ಟು ಅಗಲ. ಆಮೇಲೊಂದು ದಿನ ತರಕಾರಿಗೆ ಹೋದಾಗ, ಅದೇ ಅಂಗಡಿಯ ಪಕ್ಕದಲ್ಲಿ, ಕ್ಯಾರಿಯರ್ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಹಳೆಯ ಸೈಕಲ್ಲು ನಿಂತಿತ್ತು. ಅವನು ಅದನ್ನು ತಬ್ಬಿಕೊಳ್ಳುವುದೊಂದು ಬಾಕಿ.

ಜಗದಾಂಬಾ ಮಾತ್ರ ಕುಣಿಯಲಿಲ್ಲ. ಭಾನುವಾರ ಬೆಳಿಗ್ಗೆ ಪೊರಕೆ ಹಿಡಿದುಕೊಂಡೇ ತೀರ್ಪು ಕೊಟ್ಟಳು.

"ಬಾಗಿಲಲ್ಲಿ ಎರಡು ಸೈಕಲ್ ನಿಂತ್ರೆ ರಂಗೋಲಿ ಎಲ್ಲಿ ಬಿಡ್ಲಿ, ನಿಮ್ಮ ತಲೆ ಮೇಲಾ? ಇವತ್ತು ಹೊಸದು ಹೋಗ್ಬೇಕು. ಇಲ್ದಿದ್ರೆ ನಾಳೆ ಹಳೇದು ಗುಜರಿಗೆ. ಆದ್ರೆ ಒಂದು ಮಾತು ರೀ, ನನ್ನ ತಮ್ಮ ತಂದ್ಕೊಟ್ಟಿದ್ದನ್ನ ಮೂರು ಕಾಸಿಗೆ ಮಾರಿ ಬಂದ್ರೆ ನಾನು ಸುಮ್ಮನಿರಲ್ಲ."

ರಾಚಪ್ಪನಿಗೆ ಫೋನು ಮಾಡಿದರೆ, ಮಾರಲು ಅವನದೇನೂ ಅಡ್ಡಿಯಿಲ್ಲ. ಕೊಂಡ ಬೆಲೆ ಮಾತ್ರ ಹೇಳಲೊಲ್ಲ. ಉಡುಗೊರೆಯ ಬೆಲೆ ಯಾರಾದರೂ ಹೇಳುತ್ತಾರಾ ಭಾವ, ಅಂದ.

ಸರಿ, ನ್ಯಾಯವಾದ ಬೆಲೆ ಎಷ್ಟು? ಕೇಳಬಾರದಿತ್ತು, ಕೇಳಿದ. ಪಂಕ್ಚರ್ ಅಂಗಡಿಯವನು ಟೈರು ಒತ್ತಿ, ಪೆಡಲ್ ತಿರುಗಿಸಿ, ನಿಟ್ಟುಸಿರುಬಿಟ್ಟು ಮೂರು ಸಾವಿರ ಅಂದ. ಎದುರುಮನೆಯ ಪುರುಷೋತ್ತಮ ಮೊಬೈಲಿನಲ್ಲಿ ಯಾವುದೋ ಚಿತ್ರ ತೋರಿಸಿ, ಹದಿನೈದಕ್ಕಿಂತ ಕಮ್ಮಿಗೆ ಕೊಟ್ಟರೆ ನೀವು ದಡ್ಡರು ಅಂದರು. ಹನ್ನೆರಡು ಅಂದರೆ ಜನ ನಕ್ಕರು. ನಾಲ್ಕಕ್ಕೆ ಇಳಿಸಿದರೆ, ಇಷ್ಟು ಕಮ್ಮಿಗಾ ಅಂಕಲ್, ಬಿಲ್ ಇದೆಯಾ, ಅಂತ ಅನುಮಾನದ ನೋಟ. ಮಧ್ಯಾಹ್ನದ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ಸವಾರಿ ಮಾಡಿ, ಬೆಲ್ಲು ಬಡಿದು ಮುಗಿಸಿದ್ದರು. ಕೊಳ್ಳುವವರು ಒಬ್ಬರೂ ಇಲ್ಲ.

ಆಗ ಸಿಕ್ಕವರು ಗಣೇಶೋತ್ಸವದ ಸಮಿತಿಯ ಅಧ್ಯಕ್ಷರು ಹನುಮಂತಯ್ಯ. ಈ ಬೀದಿ ಒಂದು ಕಾಲಕ್ಕೆ ಅವರಪ್ಪನ ರಾಗಿ ಹೊಲ, ಹಾಗಾಗಿ ಅವರ ಮಾತಿಗೆ ತೂಕ ಜಾಸ್ತಿ.

"ಒಬ್ಬೊಬ್ರನ್ನ ಕೇಳ್ಕೊಂಡು ಯಾಕೆ ಅಲೀತೀರಾ? ಸಂಜೆ ಪೆಂಡಾಲ್‌ನಲ್ಲಿ ಹರಾಜಿದೆ. ತಂದು ಗಣಪತಿ ಮುಂದೆ ನಿಲ್ಸಿ. ಬೆಲೆ ಜನಾನೇ ಹೇಳ್ತಾರೆ."

ಪಂಚಾಕ್ಷರಿಗೆ ಕುಣಿಯುವಷ್ಟು ಸಂತೋಷವಾಯಿತು. ಬೆಲೆ ಜನ ಹೇಳಿದ ಮೇಲೆ ಜಗದಾಂಬಾ ಯಾರನ್ನು ಬೈಯುತ್ತಾಳೆ?

ಸಂಜೆ ಪೆಂಡಾಲು ಗಿಜಿಗಿಜಿ. ಪ್ರತಿ ವರ್ಷದಂತೆ ಲಾಡು, ತೆಂಗಿನಕಾಯಿ ಹರಾಜಾದವು. ಆಮೇಲೆ ಪುರುಷೋತ್ತಮ ಮೈಕಿನಲ್ಲಿ, ನಮ್ಮ ಪಂಚಾಕ್ಷರಿಯವರು ಕೊಟ್ಟಿರುವ ಸೈಕಲ್ಲು ಅಂತ ಕೂಗಿದರು. ಯಾರೋ ಐನೂರು ಅಂದರು. ಹೋಟೆಲಿನವನು ಸಾವಿರದ ಇನ್ನೂರಕ್ಕೆ ಏರಿಸಿ ಕೈಕಟ್ಟಿ ನಿಂತ. ಅಲ್ಲಿಂದ ಮುಂದೆ ಉಸಿರೇ ಇಲ್ಲ. ಪುರುಷೋತ್ತಮ "ಒಂದು ಸಲ" ಅಂದಾಗ, ಪಂಚಾಕ್ಷರಿಯ ಕಣ್ಣ ಮುಂದೆ, ಮೂರು ಕಾಸಿಗೆ ಮಾರಿದ ಸಿಟ್ಟಿಗೆ ಜಗದಾಂಬಾ ಗುಜರಿ ಗಾಡಿಯ ಮೇಲೆ ಅಂಗಾತ ಮಲಗಿಸಿದ ಹಳೆಯ ಸೈಕಲ್ಲು ಬಂತು. ಕಂಬದ ಹಿಂದೆ ಸರಿದು, ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, "ಎರಡು ಸಾವಿರ" ಅಂದುಬಿಟ್ಟ.

ತಕ್ಷಣ ಹೆಂಗಸರ ಕಡೆಯಿಂದ, ಪಕ್ಕದ ಮನೆಯ ಹೇಮಶ್ರೀಯ ಗಂಟಲಿನಲ್ಲಿ ಮೂರು ಸಾವಿರ ಬಂತು. ಆಹಾ, ಗಿರಾಕಿ ಸಿಕ್ಕಿತು! ಇವನು ನಾಲ್ಕು ಅಂದ, ಅಲ್ಲಿಂದ ಐದು. ಐದಕ್ಕೆ ನಿಲ್ಲಿಸಬಹುದಿತ್ತು, ಏಳಕ್ಕೂ ನಿಲ್ಲಿಸಬಹುದಿತ್ತು. ಆದರೆ ಕೂಗಿದ ಕೂಡಲೇ ಉತ್ತರ ಬರುತ್ತಿದ್ದರೆ ಯಾರಿಗೆ ಬಾಯಿ ಮುಚ್ಚುವ ಮನಸ್ಸಾಗುತ್ತದೆ ಹೇಳಿ. ಒಂಬತ್ತು ಅಂತ ಅಲ್ಲಿಂದ ಬಂದಾಗ, ಇದೊಂದೇ ಸಲ ಅಂದುಕೊಂಡು ಹತ್ತು ಅಂದ.

ಹೆಂಗಸರ ಕಡೆಯಿಂದ ಹನ್ನೊಂದು ಬರಲಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ. ಕಂಬದ ಹಿಂದಿನವರು ಮುಂದೆ ಬರಬೇಕು ಅಂದರು. ಬಂದ.

ತನ್ನ ಸೈಕಲ್ಲು ತನ್ನಲ್ಲೇ ಉಳಿಯಿತು, ಹೋಗಲಿ, ಅಂದುಕೊಳ್ಳುವಷ್ಟರಲ್ಲಿ ಹನುಮಂತಯ್ಯ ಶಾಲು ಹೊದಿಸಿ ಹಾರ ಹಾಕಿದರು.

"ದೇವರಿಗೆ ಕೊಟ್ಟ ಸೈಕಲ್ಲನ್ನ ತಾವೇ ಹತ್ತು ಸಾವಿರಕ್ಕೆ ಕೂಗಿ ಬಿಡಿಸ್ಕೊಂಡ್ರಲ್ಲ, ಇದಪ್ಪಾ ಭಕ್ತಿ! ನಾಳೆಯ ಅನ್ನಸಂತರ್ಪಣೆ ಇವರ ಹೆಸರಲ್ಲೇ."

ಜನ ಚಪ್ಪಾಳೆ ತಟ್ಟಿದರು. ಗಣಪತಿಯ ಪಾದದ ಬಳಿ ಅಂಟಿಸಿದ್ದ ಕ್ಯೂಆರ್ ಕೋಡಿನ ಚೀಟಿಗೆ ಪಂಚಾಕ್ಷರಿ ಮೊಬೈಲು ಹಿಡಿದ. ಹಣ ಬಂತು ಅಂತ ಡಬ್ಬಿಯೊಂದು ಇಡೀ ಪೆಂಡಾಲಿಗೆ ಕೇಳುವಂತೆ ಹೇಳಿತು.

ಕೊರಳಲ್ಲಿ ಹಾರ, ಕೈಯಲ್ಲಿ ಗಿಳಿಹಸಿರು ಸೈಕಲ್ಲು. ಮನೆ ತಲುಪಿದಾಗ ಜಗದಾಂಬಾ ಬಾಗಿಲಲ್ಲೇ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

"ಕಂಬದ ಹಿಂದೆ ನೀವಾ? ನನ್ನ ತಮ್ಮನ ಸೈಕಲ್ ಸಾವಿರದ ಇನ್ನೂರಕ್ಕೆ ಹೋಗುತ್ತಲ್ಲಾ ಅಂತ ಹೊಟ್ಟೆ ಉರಿದು, ಹೇಮಶ್ರೀ ಕೈಲಿ ಕೂಗಿಸಿದ್ದು ನಾನೇ ಕಣ್ರೀ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಅವಳೇ. ಗುಜರಿಯ ಮಾತು ಆ ಕ್ಷಣಕ್ಕೇ ಸತ್ತಿತು, ರಂಗೋಲಿ ಗೇಟಿನ ಆಚೆ ಹಾಕಿದರಾಯಿತು ಅಂದಳು. ಹತ್ತು ಸಾವಿರ ಹೋದರೂ ಹಳೆಯ ಸೈಕಲ್ಲು ಉಳಿಯಿತು, ನಾಳೆ ಊರಿಗೆಲ್ಲ ಊಟವೂ ಆಗುತ್ತದೆ. ಪಂಚಾಕ್ಷರಿ ನೆಮ್ಮದಿಯಾಗಿ ಕಾಲು ಚಾಚಿದ.

ಅಷ್ಟರಲ್ಲಿ ರಾಚಪ್ಪನ ಫೋನು ಬಂತು. ಎಷ್ಟಕ್ಕೆ ಹೋಯಿತು ಅಂತ ಕೇಳಿದ. ಸುಳ್ಳು ಹೇಳಲು ಮನಸ್ಸಾಗದೆ, ನಿಜವನ್ನು ಪೂರ್ತಿ ಹೇಳಲು ನಾಚಿಕೆಯಾಗಿ, ಪಂಚಾಕ್ಷರಿ ಹತ್ತು ಸಾವಿರ ಅಂತಷ್ಟೇ ಅಂದ.

"ಹತ್ತಾ! ಭಾವ, ನಾನು ಕೊಟ್ಟಿದ್ದೇ ಆರೂವರೆ. ಈ ವ್ಯಾಪಾರ ಬಿಡಬೇಡಿ. ಅಂಗಡೀಲಿ ಅಂಥವೇ ಇನ್ನೂ ನಾಲ್ಕಿವೆ, ಈಗ್ಲೇ ಹೋಗಿ ತಗೊಂಡ್ಬಿಡ್ತೀನಿ. ಬೆಳಿಗ್ಗೆ ಟೆಂಪೋದಲ್ಲಿ ಹಾಕ್ಕೊಂಡು ಬರ್ತೀನಿ, ಬಾಗಿಲಲ್ಲಿ ಸ್ವಲ್ಪ ಜಾಗ ಮಾಡಿರಿ."