ಭೇರ್ಯದವರು ಬರುವ ಮೊದಲು ನನ್ನ ಮೊಡವೆ

ಜ್ವರ ಬಂದವರಿಗೆ ಜನ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಮುಖದ ಮೇಲೆ ಮೊಡವೆ ಎದ್ದವರನ್ನು ಮಾತ್ರ ದಾರಿಯಲ್ಲೇ ನಿಲ್ಲಿಸಿ ತಾವೇ ಔಷಧಿ ಹೇಳುತ್ತಾರೆ. ಐವತ್ತರ ದಶಕದಲ್ಲಿ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಹುಣಸೂರಿನ ಮನೆಗೆ ಬಂದಾಗ ಜೊತೆಗೆ ತಂದದ್ದು ಒಂದು ಟ್ರಂಕು, ಮುಖದ ತುಂಬ ಮೊಡವೆ. ಅಷ್ಟರಲ್ಲೇ ಭೇರ್ಯದಿಂದ ಗಂಡಿನ ಕಡೆಯವರು ನೋಡಲು ಬರುವ ಸುದ್ದಿ. ಓದಿದ ಹುಡುಗಿ ಬೇಡ ಎನ್ನದ ಮನೆ ಅದೊಂದೇ. ಅವರು ಬರುವುದರೊಳಗೆ ನನ್ನ ಮುಖ ತಿಳಿಯಾಗಬೇಕೆಂದು ಅಜ್ಜಿ ಹಟ ಹಿಡಿದಳು.

ಎಣ್ಣೆಗೆ ಎಣ್ಣೆ

ಅಜ್ಜಿಯ ಪ್ರಕಾರ ಇದೆಲ್ಲ ಉಷ್ಣ. ನೆತ್ತಿಗೆ ಹರಳೆಣ್ಣೆ ತಟ್ಟಿದಳು, ಅದು ಹಣೆಗಿಳಿಯಿತು, ಕೆನ್ನೆಗಿಳಿಯಿತು. ಚರ್ಮದೊಳಗಿಂದಲೇ ಎಣ್ಣೆ ಒಸರುವುದರಿಂದ ಮೊಡವೆಯಾಗುತ್ತದೆ, ಮೇಲೆ ಇನ್ನಷ್ಟು ಬೇಡ ಎಂದು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ವಿವರಿಸಿದೆ.

"ಅದು ಆಚೆಗೆ ಬರಕ್ಕೇ ದಾರಿ ನೋಡ್ತಾದೆ. ನಾವು ಒಸಿ ಕೈ ಕೊಡಬ್ಯಾಡ್ವಾ?" ಎಂದು ಅಜ್ಜಿ ಇನ್ನೊಂದು ಬೊಗಸೆ ಸುರಿದಳು.

ಸಂಜೆ ದೀಪ ಹಚ್ಚಲು ಬಂದ ಅಮ್ಮ ನನ್ನ ಮುಖ ನೋಡಿ, ದೀಪದಿಂದ ಸ್ವಲ್ಪ ದೂರವೇ ಇರು ಎಂದಳು.

ಹಸುವಿನ ಕಾಯಿಲೆ

ಆಮೇಲೆ ಕಾಂಪೌಂಡರ್ ಹತ್ತಿರ ಹೋದೆ. ಅವರು ಗಂಧಕದ ಮುಲಾಮು ಕೊಟ್ಟರು. ಆಗ ಕಜ್ಜಿಗೆ ಹಚ್ಚುತ್ತಿದ್ದುದೂ ಅದನ್ನೇ. ಅದರ ವಾಸನೆ ಬೀದಿಯವರಿಗೆಲ್ಲ ಪರಿಚಿತ. ಪಕ್ಕದ ಮನೆಯಾಕೆ ಹೊಸಿಲ ಆಚೆಯೇ ನಿಂತು, ಯಾರಿಗೆ ಕಜ್ಜಿ ಎಂದು ಕೇಳಿದಳು. ಮಾತು ಭೇರ್ಯ ಮುಟ್ಟಿದರೆ ಗತಿಯೇನು? ಅಜ್ಜಿ ತಡಮಾಡದೆ, ನಮ್ಮ ಹಸುವಿಗೆ ಎಂದುಬಿಟ್ಟಳು.

ಮಾರನೆಯ ದಿನದಿಂದ ನಮ್ಮ ಮನೆಗೆ ಹಾಲಿಗೆ ಯಾರೂ ಬರಲಿಲ್ಲ. ತಾನು ಮಾಡಿದ ತಪ್ಪೇನೆಂದು ಆ ಹಸುವಿಗೆ ಕೊನೆಗೂ ತಿಳಿಯಲಿಲ್ಲ.

ಅಯ್ಯನವರ ಮೆಚ್ಚುಗೆ

ಮೂರನೆಯದು ವಿಭೂತಿ. ಜಿಡ್ಡು ಹೀರುತ್ತದೆಂದು ಅಜ್ಜಿ ಹಣೆ, ಕೆನ್ನೆ, ಗಲ್ಲಕ್ಕೆಲ್ಲ ಬಳಿದಳು. ಅದೇ ಹೊತ್ತಿಗೆ ಪೂಜೆಗೆಂದು ಬಂದ ಅಯ್ಯನವರು ನನ್ನನ್ನು ಕಂಡು ಕಣ್ಣು ತುಂಬಿಕೊಂಡರು. ಈ ವಯಸ್ಸಿಗೇ ಎಂಥ ಭಕ್ತಿ, ಈ ಕೂಸನ್ನು ಸಂಸಾರಕ್ಕೆ ನೂಕಬೇಡಿ, ಮಠಕ್ಕೆ ಬಿಡಿ, ನಾನೇ ಮಾತಾಡುತ್ತೇನೆ ಎಂದರು.

ಅಜ್ಜಿ ಓಡಿಬಂದು ಸೆರಗಿನಿಂದ ನನ್ನ ಮುಖವನ್ನು ತಿಕ್ಕಿ ತಿಕ್ಕಿ ಒರೆಸಿದಳು.

"ಬುದ್ಧೀ, ಇದು ಭಕ್ತಿ ಅಲ್ಲ ಕಣ್ರೀ, ಮೊಡವೆ."

ದೃಷ್ಟಿಬೊಟ್ಟು

ಭೇರ್ಯದವರು ಬಂದೇಬಿಟ್ಟರು. ಮೊಡವೆಗಳೂ ಇದ್ದಲ್ಲೇ ಇದ್ದವು. ಅಜ್ಜಿ ನನ್ನನ್ನು ಒಳಗೆ ಕೂರಿಸಿಕೊಂಡು, ಕೆನ್ನೆಯ ದೊಡ್ಡ ಮೊಡವೆಯ ಮೇಲೆ ಕಾಡಿಗೆಯಿಂದ ಒಂದು ದೃಷ್ಟಿಬೊಟ್ಟು ಇಟ್ಟಳು. ಚೆನ್ನಾಗಿ ಮುಚ್ಚಿತು. ಆ ಧೈರ್ಯದ ಮೇಲೆ ಗಲ್ಲಕ್ಕೊಂದು, ಇನ್ನೊಂದು ಕೆನ್ನೆಗೆರಡು.

ಚಾಪೆಯ ಮೇಲೆ ಕೂತೆ. ಗಂಡಿನ ತಾಯಿ ಬಹಳ ಹೊತ್ತು ನೋಡಿದರು. ದೃಷ್ಟಿಬೊಟ್ಟು ಒಂದಿಡುವುದು ಕಂಡಿದ್ದೇನೆ, ಇಷ್ಟೊಂದು ಯಾಕೆ ಎಂದು ಕೇಳಿದರು. ನಾನು ಕೆನ್ನೆಯ ಮೇಲೆ ಸೆರಗು ಎಳೆದುಕೊಂಡೆ. ಅಜ್ಜಿ ಮಾತ್ರ ಅಲುಗಲಿಲ್ಲ.

"ಓದಿರೋ ಹುಡುಗಿ ಕಣವ್ವ. ಹುಣಸೂರಿನ ಕಣ್ಣಿಗೊಂದು, ಮಿಕ್ಕವು ಮೈಸೂರಿನ ಕಣ್ಣಿಗೆ."

ಅಪ್ಪ ತೊಲೆ ನೋಡತೊಡಗಿದರು. ಅಮ್ಮ ತಾಂಬೂಲದ ತಟ್ಟೆ ಹಿಡಿದು ನಿಂತೇ ಇದ್ದಳು. ಭೇರ್ಯದವರು ಅದನ್ನು ಮುಟ್ಟದೆ ಎದ್ದರೆ ಸಂಬಂಧ ಮುರಿದಂತೆ. ಅಷ್ಟು ಹೊತ್ತೂ ತಲೆ ಬಗ್ಗಿಸಿಕೊಂಡಿದ್ದ ಗಂಡು ಆಗ ಮೊದಲ ಸಲ ಮುಖವೆತ್ತಿದರು. ಮೂಗಿನ ತುದಿಯಲ್ಲಿ ಕೆಂಪಗೆ, ಕಡಲೆ ಗಾತ್ರದ್ದೊಂದು ಮೊಡವೆ.

ಅವರ ತಾಯಿ ಮಗನನ್ನು ನೋಡಿದರು, ನನ್ನನ್ನು ನೋಡಿದರು. ಅಜ್ಜಿಯ ಕಡೆ ಕೈ ಚಾಚಿದರು.

"ತಾಂಬೂಲ ಆಮ್ಯಾಕೆ ತಕ್ಕತೀವಿ, ಮೊದ್ಲು ಆ ಕಾಡಿಗೆ ಇತ್ತಾಗೆ ಕೊಡಿ ಅಮ್ಮಾರೆ. ದಾರೀಲಿ ಬಸ್ಸಿನೋರ ಕಣ್ಣೆಲ್ಲ ನಮ್ಮ ಹುಡುಗನ ಮೂಗಿನ ಮ್ಯಾಲೇ ಇತ್ತು."